ಸ್ಟುಡಿಯೊದಲ್ಲಿ ಹಾಡುವಾಗ ಭಾವ ಕಳೆದುಹೋಗದಿರಲು: ಹಾಸನ, ಚಿಕ್ಕಮಗಳೂರಿನ ಹಾಡುಗಾರರಿಗೊಂದು ಮಾರ್ಗದರ್ಶಿ

ವೇದಿಕೆ ಮೇಲೆ ಸೊಗಸಾಗಿ ಹಾಡುವವರು ಸ್ಟುಡಿಯೊಗೆ ಬಂದ ಕೂಡಲೇ ಮಂಕಾಗುವುದನ್ನು ನಾನು ತುಂಬಾ ನೋಡಿದ್ದೇನೆ. ಗಣಪತಿ ಪೆಂಡಾಲಿನಲ್ಲಿ, ರಾಜ್ಯೋತ್ಸವದಲ್ಲಿ, ಮದುವೆ ಆರ್ಕೆಸ್ಟ್ರಾದಲ್ಲಿ ಜನರ ಕಣ್ಣು ತುಂಬಿಸಿದ ದನಿ ಅದೇ. ಶ್ರುತಿ ಸರಿ, ತಾಳ ಸರಿ, ಸಾಹಿತ್ಯ ತಪ್ಪಿಲ್ಲ. ಆದರೆ ರೆಕಾರ್ಡಿಂಗ್ ಕೇಳಿದರೆ ಏನೋ ಇಲ್ಲ. ಹಾಡಿದವರಿಗೇ ಅದು ಮೊದಲು ಗೊತ್ತಾಗುತ್ತದೆ, ಮುಖ ಸಪ್ಪಗಾಗುತ್ತದೆ.

ವೇದಿಕೆಯಲ್ಲಿ ಎದುರಿಗೆ ಮುಖಗಳಿರುತ್ತವೆ. ತಬಲಾದವರು ಕಣ್ಣಲ್ಲೇ ಹುರಿದುಂಬಿಸುತ್ತಾರೆ. ಕೈ ಎತ್ತಬಹುದು, ಎರಡು ಹೆಜ್ಜೆ ಮುಂದೆ ಬರಬಹುದು. ಸ್ಟುಡಿಯೊದಲ್ಲಿ ಇದ್ಯಾವುದೂ ಇಲ್ಲ. ಸ್ಪಂಜು ಹೊಡೆದ ಸಣ್ಣ ಕೋಣೆ, ಕಿವಿಗೆ ಹೆಡ್‌ಫೋನ್, ಮುಂದೆ ಒಂದು ಮೈಕು, ಅಷ್ಟೇ. ಅಲ್ಲಿ ನಿಂತು ಭಾವ ತಾನಾಗಿ ಬರಲಿ ಅಂತ ಕಾಯ್ದರೆ ಬರುವುದಿಲ್ಲ. ಅದು ಬಂದು ಕೂರಲು ಮೊದಲೇ ಜಾಗ ಮಾಡಿಡಬೇಕು. ಆ ಜಾಗ ಮಾಡುವ ಕೆಲಸ ರೆಕಾರ್ಡಿಂಗಿಗೆ ಒಂದು ವಾರ ಮುಂಚೆಯೇ ಶುರುವಾಗುತ್ತದೆ.

ಗೋಡೆಗಳ ನಡುವೆ ಇದು ಆಗುತ್ತದೆಯೇ ಅಂತ ಅನುಮಾನ ಬೇಡ. ನಮ್ಮ ಹಾಸನ ಜಿಲ್ಲೆಯವರೇ ಮಾಡಿ ತೋರಿಸಿದ್ದಾರೆ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಲ್ಲಿ 1920ರಲ್ಲಿ ಹುಟ್ಟಿದ ಕರ್ನಾಟಕ ಸಂಗೀತದ ಗಾಯಕ ಆರ್.ಕೆ. ಶ್ರೀಕಂಠನ್ ಆಕಾಶವಾಣಿಯಲ್ಲೇ ವರ್ಷಗಟ್ಟಲೆ ಕೆಲಸ ಮಾಡಿದವರು, ಮೈಕಿನ ಜೊತೆಗೇ ಬಾಳಿದವರು. ಚನ್ನರಾಯಪಟ್ಟಣದಲ್ಲಿ 1939ರಲ್ಲಿ ಹುಟ್ಟಿದ, ಭಾವಗೀತೆಗಳ ಗಾಯಕ ಸಿ. ಅಶ್ವಥ್ ಅವರ ದನಿಯನ್ನು ಹಳೇ ಕ್ಯಾಸೆಟ್ಟಿನಲ್ಲಿ ಕೇಳಿದರೂ ಅವರು ನಮ್ಮ ಎದುರೇ ನಿಂತು ಹಾಡುತ್ತಿರುವ ಹಾಗಿರುತ್ತದೆ. ಅದೂ ಸ್ಟುಡಿಯೊದಲ್ಲೇ ಆದದ್ದು ಅಲ್ವಾ?

1. ಮೊದಲು ಸಾಹಿತ್ಯ, ಆಮೇಲೆ ರಾಗ

ಟ್ಯೂನು ಕೈಗೆ ಬಂದ ತಕ್ಷಣ ಎಲ್ಲರೂ ಅದನ್ನೇ ಗುನುಗಲು ಶುರು ಮಾಡುತ್ತಾರೆ. ಎರಡು ದಿನ ತಡೆಯಿರಿ. ಹಾಡನ್ನು ನಿಮ್ಮ ಕೈಯಾರೆ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ರಾಗ ಬಿಟ್ಟು, ಮನೆಯಲ್ಲಿ ಯಾರಿಗೋ ಹೇಳುವ ಹಾಗೆ ಓದಿ. ಯಾರು ಹೇಳುತ್ತಿದ್ದಾರೆ? ಯಾರಿಗೆ? ಕೇಳುವವರು ಎಷ್ಟು ದೂರದಲ್ಲಿದ್ದಾರೆ? ಈ ಮೂರಕ್ಕೆ ಉತ್ತರ ಸಿಗುವವರೆಗೆ ಹಾಡಬೇಡಿ.

ಅಭ್ಯಾಸಕ್ಕೆಂದೇ ನಾನು ಕಟ್ಟಿಕೊಂಡ ಎರಡು ಸಾಲು ಇಲ್ಲಿವೆ. ಮದುವೆಯಾಗಿ ಹೋದ ಮಗಳು ಮಲೆನಾಡಿನ ತವರಿಗೆ ಮೊದಲ ಸಲ ಬಂದು ಹೇಳುವ ಮಾತು:

ಅಂಗಳದ ಮಳೆ ನಿಂತು ಹೊತ್ತಾಯಿತು, ಅಮ್ಮ
ಹೆಂಚಿನಂಚಿನ ಹನಿಗೆ ಇನ್ನೂ ತಿಳಿದಿಲ್ಲ

ಹೆಚ್ಚಿನವರು ಇದನ್ನು ಹಾಡಿದಾಗ "ಅಮ್ಮ"ದ ಮೇಲೆ ಎಲ್ಲ ಭಾರ ಹಾಕುತ್ತಾರೆ. ಅಮ್ಮ ಅನ್ನುವ ಮಾತು ಬಂತು, ಅಲ್ಲಿ ಅಳಬೇಕು ಅನ್ನುವ ಲೆಕ್ಕ. ದನಿ ನಡುಗಿಸುತ್ತಾರೆ, ಎಳೆಯುತ್ತಾರೆ. ಆದರೆ ಸಾಲನ್ನು ಸುಮ್ನೆ ಮಾತಿನ ಹಾಗೆ ಹೇಳಿ ನೋಡಿ. ಅಮ್ಮ ಅಲ್ಲೇ ಪಕ್ಕದಲ್ಲಿ ಕೂತಿದ್ದಾಳೆ. ಜಗಲಿಯಲ್ಲಿ ಅಡಿಕೆ ಸುಲಿಯುತ್ತಿರಬಹುದು. ಅವಳನ್ನು ಕೂಗಿ ಕರೆಯಬೇಕಾಗಿಲ್ಲ. ಆ "ಅಮ್ಮ" ಸಣ್ಣದಾಗಿ, ಹತ್ತಿರದಿಂದ ಬರಬೇಕು. ಭಾರ ಬೀಳುವುದು ಎರಡನೇ ಸಾಲಿನ "ಇನ್ನೂ" ಮೇಲೆ. ಮಗಳು ಹೇಳುತ್ತಿರುವುದು ಹನಿಯ ವಿಷಯ, ಮನಸ್ಸಿನಲ್ಲಿರುವುದು ತನ್ನ ವಿಷಯ. ಅದು ಬಯಲಾಗುವುದು ಆ ಒಂದು ಪದದಲ್ಲಿ.

ಉಸಿರಿನ ಜಾಗವನ್ನೂ ಇಲ್ಲೇ ಗೊತ್ತು ಮಾಡಿಕೊಳ್ಳಿ. "ಹೊತ್ತಾಯಿತು" ಆದ ಮೇಲೆ ಸಣ್ಣ ಉಸಿರು ತೆಗೆದರೆ ಹೇಳಲೋ ಬೇಡವೋ ಅನ್ನುವ ಅಳುಕು ಕೇಳಿಸುತ್ತದೆ. ಅಲ್ಲಿ ಉಸಿರು ತೆಗೆಯದೆ "ಅಮ್ಮ"ವನ್ನು ಸೇರಿಸಿಕೊಂಡು ಹಾಡಿದರೆ ನೆಮ್ಮದಿಯ ಮಾತಾಗುತ್ತದೆ. ಎರಡೂ ಸರಿಯೇ. ಆದರೆ ಯಾವುದು ಅಂತ ಮನೆಯಲ್ಲೇ ನಿರ್ಧಾರವಾಗಿರಬೇಕು. ಉಸಿರು ಸಾಲದೆ ಎಲ್ಲೋ ಒಂದು ಕಡೆ ತೆಗೆದ ಉಸಿರು ಸಾಲಿನ ಅರ್ಥವನ್ನೇ ಕೆಡಿಸುತ್ತದೆ.

ಕೊನೆಯ "ತಿಳಿದಿಲ್ಲ" ಬಗ್ಗೆ ಒಂದು ಮಾತು. ಕನ್ನಡದಲ್ಲಿ ಇಲ್ಲ ಅನ್ನುವುದು ಸಾಲಿನ ಕೊನೆಗೆ ಬರುತ್ತದೆ. ಉಸಿರು ಮುಗಿಯುವುದೂ ಅಲ್ಲೇ. ಹೀಗಾಗಿ ಮುಖ್ಯವಾದ ಮಾತೇ ಗಾಳಿಯಲ್ಲಿ ಕರಗಿಹೋಗುತ್ತದೆ. ವೇದಿಕೆಯಲ್ಲಿ ಕೊಳಲು, ಕೀಬೋರ್ಡು ಬಂದು ಅದನ್ನು ಮುಚ್ಚುತ್ತವೆ. ಸ್ಟುಡಿಯೊ ಮೈಕು ಮುಚ್ಚುವುದಿಲ್ಲ. ಸಾಲಿನ ಕೊನೆಯ ಅಕ್ಷರದವರೆಗೂ ಉಸಿರು ಉಳಿಸಿಕೊಳ್ಳುವುದನ್ನು ಬೇರೆಯಾಗಿಯೇ ಅಭ್ಯಾಸ ಮಾಡಿ.

ಹಾಳೆಯ ಮೇಲೆ ಉಸಿರಿಗೊಂದು ಗೆರೆ, ಭಾರ ಬೀಳುವ ಪದಕ್ಕೊಂದು ಅಡಿಗೆರೆ ಹಾಕಿ. ಇದೇ ಹಾಳೆಯನ್ನು ಸ್ಟುಡಿಯೊಗೆ ತನ್ನಿ. ಮೊಬೈಲಿನಲ್ಲಿ ನೋಡಿಕೊಂಡು ಹಾಡುವುದು ಬೇಡ. ನಡುವೆ ಪರದೆ ಆರಿಹೋದರೆ ಹಾಡುವವರ ಗಮನವೂ ಅದರ ಜೊತೆಗೇ ಹೋಗುತ್ತದೆ.

ಇನ್ನೊಂದು ವಿಷಯ ನಮ್ಮ ಕಡೆಯವರು ಗಮನಿಸಬೇಕು. ಹಾಸನದ ಮಾತಿನಲ್ಲಿ ಹಕಾರ ಸುಲಭವಾಗಿ ಬಿದ್ದುಹೋಗುತ್ತದೆ. ನಿಧಾನವಾಗಿ ಹಾಡುವಾಗ ಸರಿಯಾಗಿಯೇ ಹೇಳುತ್ತೀರಿ, ಭಾವ ಏರಿದ ಕೂಡಲೇ ಮನೆಮಾತು ನಾಲಿಗೆಗೆ ಬರುತ್ತದೆ. ಜಾನಪದ ಹಾಡಿನಲ್ಲಿ ಅದು ಚೆಂದ, ಹಾಗೇ ಬಿಡಿ. ಭಾವಗೀತೆಯಲ್ಲಿ ಹಕಾರ ಬರುವ ಪದಗಳಿಗೆ ಹಾಳೆಯಲ್ಲೊಂದು ಚುಕ್ಕೆ ಇಟ್ಟುಕೊಳ್ಳಿ.

2. ಶ್ರುತಿ ಮೊದಲೇ ಗಟ್ಟಿಯಾಗಲಿ

ವಾದ್ಯದ ಟ್ರ್ಯಾಕ್ ಮಾಡಿಸುವ ಮುಂಚೆ ಯಾವ ಮನೆಯಲ್ಲಿ, ಅಂದರೆ ಹಾರ್ಮೋನಿಯಂನ ಯಾವ ಕೀಲಿಯ ಶ್ರುತಿಯಲ್ಲಿ, ಹಾಡುತ್ತೀರಿ ಅನ್ನುವುದು ಖಚಿತವಾಗಬೇಕು. ಐದೂವರೆ ಮನೆಯಲ್ಲಿ ಹಾಡಿ ಅಭ್ಯಾಸವಿದೆ ಅಂತ ಎಲ್ಲ ಹಾಡಿಗೂ ಅದನ್ನೇ ಹಿಡಿಯಬೇಡಿ. ಚರಣದಲ್ಲಿ ದನಿ ಅತಿ ಎತ್ತರಕ್ಕೆ ಹೋಗುವ ಸಾಲನ್ನು ಹುಡುಕಿ, ಅದನ್ನು ಬಿಡುವಿಲ್ಲದೆ ಐದು ಸಲ ಹಾಡಿ. ಐದನೇ ಸಲ ಗಂಟಲು ಬಿಗಿಯಾದರೆ ಅರ್ಧ ಮನೆ ಇಳಿಸಿ. ಎತ್ತರದ ಸ್ವರ ಮುಟ್ಟುವುದೇ ಸಾಹಸವಾದರೆ, ಕೇಳುವವರಿಗೆ ಆ ಸಾಹಸವೇ ಕಾಣುತ್ತದೆ, ಹಾಡಿನ ನೋವು ಕಾಣುವುದಿಲ್ಲ. ಹಾಗಂತ ಜಾಸ್ತಿ ಇಳಿಸಿದರೆ ಪಲ್ಲವಿ ಮಂದ್ರದಲ್ಲಿ ಮುಳುಗಿಹೋಗುತ್ತದೆ. ಟ್ರ್ಯಾಕ್ ಮುಗಿದ ಮೇಲೆ ಸಾಫ್ಟ್‌ವೇರಿನಲ್ಲಿ ಶ್ರುತಿ ಬದಲಿಸಬಹುದು ನಿಜ. ಆದರೆ ಕೊಳಲು, ಪಿಟೀಲಿನ ನಾದ ಕೆಡುತ್ತದೆ.

3. ದಿನ, ಹೊತ್ತು, ಮಳೆ

ಬೆಳಗ್ಗೆ ಎದ್ದ ಕೂಡಲೇ ದನಿ ದಪ್ಪಗಿರುತ್ತದೆ. ರೆಕಾರ್ಡಿಂಗ್ ಹನ್ನೊಂದು ಗಂಟೆಯ ಮೇಲೆ ಇಟ್ಟುಕೊಳ್ಳುವುದು ಒಳ್ಳೆಯದು. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇನ್ನೊಂದು ಲೆಕ್ಕ ಬೇಕು. ಮೂಡಿಗೆರೆ, ಕೊಪ್ಪದ ಕಡೆ ಮನೆಯಲ್ಲೇ ರೆಕಾರ್ಡ್ ಮಾಡುವವರು ತಗಡಿನ ಶೀಟು ಹೊದಿಸಿದ ಕೋಣೆಯನ್ನು ಮರೆತುಬಿಡಿ. ಹೆಂಚಿನ ಮನೆಯಲ್ಲಿ ನಡುವಿನ, ಅಟ್ಟವಿರುವ ಕೋಣೆ ಹಿಡಿಯಿರಿ. ಗೋಡೆಗೆ ಕಂಬಳಿ, ರಜಾಯಿ ಕಟ್ಟಿ. ಸಂಜೆಯಾದರೆ ಜೀರುಂಡೆ ಶುರು, ಅದರ ಸದ್ದು ಆಮೇಲೆ ತೆಗೆಯಲು ಬಹಳ ಕಷ್ಟ. ಕರೆಂಟು ಹೋಗುವುದಂತೂ ಇದ್ದದ್ದೇ, ಕಂಪ್ಯೂಟರಿಗೆ ಯುಪಿಎಸ್ ಇರಲಿ. ಒಳ್ಳೆಯ ಟೇಕಿನ (ಒಂದು ಸಲ ಹಾಡಿ ರೆಕಾರ್ಡ್ ಮಾಡುವುದೇ ಒಂದು ಟೇಕ್) ನಡುವೆ ಕರೆಂಟು ಹೋದರೆ ಫೈಲು ಸಿಕ್ಕಬಹುದು, ಹಾಡುವವರ ಮನಸ್ಸು ಮತ್ತೆ ಅದೇ ಜಾಗಕ್ಕೆ ಬರುವುದು ಕಷ್ಟ. ಹಾಸನದಲ್ಲಾದರೆ ಹಾಸನಾಂಬೆ ಜಾತ್ರೆಯ ದಿನಗಳನ್ನೂ ಗಣಪತಿ ಬಿಡುವ ದಿನಗಳನ್ನೂ ತಪ್ಪಿಸಿ.

ಚಿಕ್ಕಮಗಳೂರಿನಿಂದ ಹಾಸನಕ್ಕೆ ಬೇಲೂರಿನ ಮೇಲೆ 60 ಕಿಲೋಮೀಟರ್ ಆಸುಪಾಸು. ಬಸ್ಸಿನಲ್ಲಿ ಕಿಟಕಿ ಪಕ್ಕ ಗಾಳಿಗೆ ಕೂತು, ಪಕ್ಕದವರ ಜೊತೆ ಗಟ್ಟಿಯಾಗಿ ಮಾತಾಡಿಕೊಂಡು ಬಂದು ನೇರ ಮೈಕಿಗೆ ನಿಲ್ಲಬೇಡಿ. ಅರ್ಧ ಗಂಟೆ ಸುಮ್ನೆ ಕೂತಿರಿ. ಉಗುರುಬೆಚ್ಚಗಿನ ನೀರು ಕುಡಿಯಿರಿ. ಹಾಲು ಹಾಕಿದ ಕಾಫಿ ಆಮೇಲೆ ಕುಡಿಯೋಣ. ಕಾಫಿ ನಾಡಿನವರಿಗೆ ಇದು ಕಷ್ಟದ ಮಾತು ಅಂತ ಗೊತ್ತು, ಆದರೆ ಬಾಯಿ ಅಂಟಂಟಾಗಿ ಪ್ರತಿ ಪದದ ಮುಂಚೆ ಟಿಕ್ ಟಿಕ್ ಅನ್ನುವ ಸದ್ದು ಮೈಕಿಗೆ ಬೀಳುತ್ತದೆ. ಸಣ್ಣ ದನಿಯ ಸಾಲುಗಳಲ್ಲಿ ಅದು ಎದ್ದು ಕೇಳುತ್ತದೆ. ಹುಳಿ ಸೇಬಿನ ಒಂದು ಹೋಳು ಅಗಿದರೆ ಕಡಿಮೆಯಾಗುತ್ತದೆ.

4. ಯಂತ್ರದ ಕೆಲಸ ಮುಗಿಸಿ ಆಮೇಲೆ ಹಾಡುವವರನ್ನು ಕರೆಯಿರಿ

ಇದು ರೆಕಾರ್ಡ್ ಮಾಡುವವರಿಗೆ ಹೇಳುವ ಮಾತು. ಹಾಡುಗಾರರು ಮೈಕಿನ ಮುಂದೆ ನಿಂತ ಮೇಲೆ ಕೇಬಲ್ ಹುಡುಕುವುದು, ಸೌಂಡ್ ಬರ್ತಿಲ್ಲ ಅಂತ ತಡಕಾಡುವುದು ಆಗಬಾರದು. ಒಳಗೆ ತುಂಬಿಕೊಂಡು ಬಂದದ್ದೆಲ್ಲ ಆ ಹದಿನೈದು ನಿಮಿಷದಲ್ಲಿ ಆರಿಹೋಗುತ್ತದೆ. ಇನ್ಯಾರನ್ನಾದರೂ ನಿಲ್ಲಿಸಿ ಎಲ್ಲ ಪರೀಕ್ಷೆ ಮಾಡಿಟ್ಟುಕೊಳ್ಳಿ. ಕಂಡೆನ್ಸರ್ ಮೈಕಿಗೆ (ಕರೆಂಟು ಬೇಕಾಗುವ ಸ್ಟುಡಿಯೊ ಮೈಕು) 48 ವೋಲ್ಟ್ ಹಾಕಿದ್ದೀರಾ, ಬಾಯಿಯ ಗಾಳಿ ತಡೆಯುವ ಪಾಪ್ ಫಿಲ್ಟರ್ ಮೈಕಿನಿಂದ ನಾಲ್ಕು ಬೆರಳು ಮುಂದಿದೆಯಾ, ಸ್ಟ್ಯಾಂಡು ಅಲುಗಾಡುತ್ತಿದೆಯಾ, ಎಲ್ಲ ಆಗಲೇ.

ಲೆವೆಲ್ ಇಡುವಾಗ, ಅಂದರೆ ದನಿ ಎಷ್ಟು ಜೋರಾಗಿ ದಾಖಲಾಗಬೇಕು ಅಂತ ಹೊಂದಿಸುವಾಗ, ಬಹಳ ಜನ ಪಲ್ಲವಿ ಹಾಡಿಸುತ್ತಾರೆ. ಪಲ್ಲವಿ ಮೆತ್ತಗಿರುತ್ತದೆ. ಅದಕ್ಕೆ ಸರಿಹೊಂದಿಸಿದ ಲೆವೆಲ್ಲಿನಲ್ಲಿ ಚರಣದ ಏರುದನಿ ಒಡೆದುಹೋಗುತ್ತದೆ. ಒಡೆದದ್ದನ್ನು ಪೂರ್ತಿ ಸರಿಮಾಡಲು ಆಗುವುದಿಲ್ಲ. ವಿಚಿತ್ರ ಅಂದರೆ, ಹೀಗೆ ಒಡೆದು ಹಾಳಾಗುವುದು ಹೆಚ್ಚಾಗಿ ಅತ್ಯುತ್ತಮ ಟೇಕೇ, ಯಾಕೆಂದರೆ ಹಾಡುವವರು ಮೈಮರೆತದ್ದು ಅಲ್ಲೇ. ಹಾಗಾಗಿ ಅತಿ ಜೋರಿನ ಸಾಲನ್ನೇ ಹಾಡಿಸಿ, ಅದರ ತುದಿ ಮೀಟರಿನಲ್ಲಿ ಮೈನಸ್ 12 ಡಿಬಿ (ಸೊನ್ನೆ ದಾಟಿದರೆ ದನಿ ಒಡೆಯುತ್ತದೆ) ಆಸುಪಾಸಿಗೆ ಬರುವಂತೆ ಇಡಿ. ನಿಜವಾದ ಟೇಕಿನಲ್ಲಿ ಅವರು ಇನ್ನೂ ಜೋರಾಗುತ್ತಾರೆ, ಅದಕ್ಕೆ ಆ ಜಾಗ ಬೇಕು. 24 ಬಿಟ್‌ನಲ್ಲಿ ಮಾಡುತ್ತಿದ್ದರೆ ಲೆವೆಲ್ ಕಡಿಮೆಯಾಯಿತು ಅನ್ನುವ ಭಯ ಬೇಡ.

ಬಾಯಿಗೂ ಮೈಕಿಗೂ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ದೂರವಿರಲಿ. ಈ ರೀತಿಯ ಮೈಕು ಹತ್ತಿರ ಹೋದಷ್ಟೂ ದನಿಯ ತಗ್ಗಿನ ಭಾಗವನ್ನು ಹಿಗ್ಗಿಸುತ್ತದೆ. ಅದನ್ನು ಕೆಲಸಕ್ಕೆ ಬಳಸಿಕೊಳ್ಳಿ. ಮೇಲಿನ ಹಾಡಿನ "ಅಮ್ಮ"ಕ್ಕೆ ನಿಂತಲ್ಲಿಂದ ಎರಡು ಬೆರಳಿನಷ್ಟು ಮುಂದೆ ಬನ್ನಿ, ಕಿವಿಯಲ್ಲಿ ಹೇಳಿದ ಹಾಗೆ ಕೇಳುತ್ತದೆ. ಏರುದನಿಗೆ ಅರ್ಧ ಗೇಣು ಹಿಂದೆ ಸರಿಯಿರಿ. ಭ, ಫ, ಪ ಬರುವ ಕಡೆ ಮುಖವನ್ನು ಕೂದಲೆಳೆಯಷ್ಟು ಪಕ್ಕಕ್ಕೆ ತಿರುಗಿಸಿದರೆ ಗಾಳಿ ಹೊಡೆಯುವುದಿಲ್ಲ.

ಹೆಡ್‌ಫೋನ್ ವಿಷಯಕ್ಕೆ ಎಷ್ಟು ಸಮಯ ಕೊಟ್ಟರೂ ಕಡಿಮೆಯೇ. ನನ್ನ ಪ್ರಕಾರ ಸ್ಟುಡಿಯೊದಲ್ಲಿ ಭಾವ ಸಾಯುವ ಮೊದಲ ಜಾಗ ಇದು. ಟ್ರ್ಯಾಕ್ ಜೋರಾಗಿದ್ದರೆ ಹಾಡುವವರು ತಮಗೇ ಗೊತ್ತಿಲ್ಲದೆ ಕಿರುಚುತ್ತಾರೆ. ಸುತ್ತ ಗದ್ದಲವಿದ್ದರೆ ನಾವೆಲ್ಲ ದನಿ ಏರಿಸುತ್ತೇವಲ್ಲ, ಅದೇ. ತಮ್ಮ ದನಿ ಜೋರಾಗಿ ಕೇಳಿದರೆ ಹೆದರಿ ಹಿಂಜರಿಯುತ್ತಾರೆ. ಬಾಯಿಂದ ಹೊರಟ ದನಿ ಕಿವಿಗೆ ತಡವಾಗಿ ಬಂದರಂತೂ ಹಾಡು ಕಾಲು ಎಳೆಯುತ್ತದೆ. 48 ಕಿಲೋಹರ್ಟ್ಸ್‌ನಲ್ಲಿ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಸೇರಿಸಿಕೊಂಡು ಕಳಿಸುವ ಸದ್ದಿನ ತುಣುಕುಗಳ ಲೆಕ್ಕ) 1024 ಇಟ್ಟರೆ ಅದೊಂದರಿಂದಲೇ 21 ಮಿಲಿಸೆಕೆಂಡ್ ತಡ, 128ಕ್ಕೆ ಇಳಿಸಿದರೆ ಮೂರರ ಒಳಗೆ ಬರುತ್ತದೆ. ದನಿಗೆ ಸ್ವಲ್ಪ ರಿವರ್ಬ್, ಅಂದರೆ ದೊಡ್ಡ ಕೋಣೆಯಲ್ಲಿ ಹಾಡಿದಂಥ ಗುಂಗು, ಹಾಕಿಕೊಡಿ. ಬರೀ ಒಣ ದನಿ ಕೇಳಿಸಿಕೊಂಡು ಭಾವ ತುಂಬುವುದು ದೊಡ್ಡ ಗಾಯಕರಿಗೂ ಸುಲಭವಲ್ಲ. ಒಂದು ಕಿವಿಯನ್ನು ಅರ್ಧ ತೆರೆದು ಹಾಡುವ ಅಭ್ಯಾಸವಿದ್ದರೆ ಹಾಗೇ ಹಾಡಲಿ, ಆ ಬದಿಯ ಸದ್ದನ್ನು ನಿಲ್ಲಿಸಿಬಿಡಿ, ಇಲ್ಲದಿದ್ದರೆ ಟ್ರ್ಯಾಕ್ ಮೈಕಿಗೆ ಸೋರುತ್ತದೆ.

ದೊಡ್ಡ ಲೈಟು ಆರಿಸಿ, ಹಾಳೆಗೆ ಬೇಕಾದಷ್ಟು ಬೆಳಕು ಇಡಿ. ಕೈ ಆಡಿಸಲು ಜಾಗ ಬಿಡಿ. ಬಳೆ ತೆಗೆದಿಡಲಿ, ಕೈ ಕಟ್ಟಿ ನಿಲ್ಲುವುದು ಬೇಡ.

5. ಟೇಕ್

ಹಾಡುವವರು "ಸುಮ್ನೆ ಒಂದ್ಸಲ ಹಾಡಿ ನೋಡ್ತೀನಿ" ಅಂದಾಗಲೂ ರೆಕಾರ್ಡ್ ಒತ್ತಿ. ಅವರಿಗೆ ಅದನ್ನು ಮೊದಲೇ ಹೇಳಿರಿ, ಎಲ್ಲವೂ ರೆಕಾರ್ಡ್ ಆಗ್ತಿರುತ್ತೆ ಅಂತ. ಆಗ ಯಾವುದು ನಿಜವಾದ ಟೇಕು ಅನ್ನುವ ಭಯವೇ ಇರುವುದಿಲ್ಲ.

ಮೊದಲು ಹಾಡನ್ನು ಇಡಿಯಾಗಿ ಹಾಡಿಸಿ, ಎರಡು ಮೂರು ಸಲ. ಸಾಲು ಸಾಲಾಗಿ ಕತ್ತರಿಸಿ ಹಾಡಿಸುವುದು ಈಗ ಎಲ್ಲ ಕಡೆ ರೂಢಿಯಾಗಿದೆ. ಶ್ರುತಿ ಶುದ್ಧವಾಗಿ ಬರುತ್ತದೆ, ಸಮಯವೂ ಉಳಿಯುತ್ತದೆ. ಆದರೆ ಎರಡನೇ ಚರಣದ ಭಾವ ಹುಟ್ಟುವುದು ಮೊದಲ ಚರಣ ಹಾಡಿ ಬಂದ ಆಯಾಸದಿಂದ, ನೆನಪಿನಿಂದ. ಅದನ್ನು ಬಿಡಿ ಸಾಲಿನಲ್ಲಿ ತರಲು ಸಾಧ್ಯವಿಲ್ಲ. ಇಡೀ ಟೇಕುಗಳು ಕೈಯಲ್ಲಿದ್ದ ಮೇಲೆ ಬೇಕಾದ ಸಾಲಷ್ಟೇ ಮತ್ತೆ ಹಾಡಿಸಿ. ಆಗಲೂ ಎರಡು ಸಾಲು ಹಿಂದಿನಿಂದ ಹಿಡಿದುಕೊಂಡು ಬರಲಿ.

ನಡುವೆ ರೆಕಾರ್ಡಿಂಗ್ ಕೇಳಿಸಬೇಡಿ, ಮುಖ್ಯವಾಗಿ ಮೊದಲ ಸಲ ಬಂದವರಿಗೆ. ನಮ್ಮ ದನಿ ನಮಗೆ ತಲೆಯ ಮೂಳೆಗಳ ಮೂಲಕವೂ ಕೇಳುತ್ತದೆ, ಅದಕ್ಕೇ ದಪ್ಪಗೆ, ತುಂಬಿದ ಹಾಗೆ ಅನಿಸುತ್ತದೆ. ಸ್ಪೀಕರಿನಲ್ಲಿ ಕೇಳಿದಾಗ ಆ ಭಾಗ ಇರುವುದಿಲ್ಲ. "ಇಷ್ಟು ತೆಳ್ಳಗಿದೆಯಾ ನನ್ನ ದನಿ?" ಅಂತ ಕುಗ್ಗಿಹೋಗುತ್ತಾರೆ. ಮುಂದಿನ ಟೇಕಿನಲ್ಲಿ ದನಿ ದಪ್ಪ ಮಾಡಲು ಹೋಗುತ್ತಾರೆ, ಹಾಡು ಮರೆತೇಹೋಗುತ್ತದೆ.

ಗಾಜಿನ ಆಚೆ ಕೂತವರ ನಡವಳಿಕೆ ಹಾಡಿನಷ್ಟೇ ಮುಖ್ಯ. ಟೇಕ್ ಮುಗಿದಾಗ ಒಳಗೆ ಪೂರ್ತಿ ಮೌನ. ಆಚೆ ಇಬ್ಬರು ಏನೋ ಮಾತಾಡಿಕೊಳ್ಳುತ್ತಿದ್ದಾರೆ, ಒಬ್ಬರು ತಲೆ ಅಲ್ಲಾಡಿಸುತ್ತಾರೆ. ಒಳಗಿದ್ದವರಿಗೆ ಒಂದಕ್ಷರ ಕೇಳುವುದಿಲ್ಲ. ಅವರು ಊಟ ತರಿಸುವ ಮಾತಾಡುತ್ತಿದ್ದರೂ, ತನ್ನ ಹಾಡು ಕೆಟ್ಟಿತು ಅಂತಲೇ ಹಾಡಿದವರು ಅಂದುಕೊಳ್ಳುತ್ತಾರೆ. ಅದಕ್ಕೆ ಟೇಕ್ ಮುಗಿದ ಕೂಡಲೇ ಟಾಕ್‌ಬ್ಯಾಕ್ (ಒಳಗಿನವರ ಹೆಡ್‌ಫೋನಿಗೆ ಮಾತಾಡುವ ಗುಂಡಿ) ಒತ್ತಿ ಒಂದು ಮಾತು ಹೇಳಿ. "ಅಕ್ಕ, ಚೆನ್ನಾಗಿ ಬಂತು, ಒಂದು ನಿಮಿಷ ಇರಿ" ಅಂದರೂ ಸಾಕು.

ತಿದ್ದುವಾಗ "ಇನ್ನೂ ಸ್ವಲ್ಪ ಭಾವ ಹಾಕಿ" ಅನ್ನಬೇಡಿ. ಅದನ್ನು ಕೇಳಿದವರು ಮಾಡುವುದು ಒಂದೇ, ದನಿ ನಡುಗಿಸುವುದು. ಅದರ ಬದಲು ಯಾರಿಗೆ ಹೇಳುತ್ತಿದ್ದೀರಿ ಅನ್ನುವುದನ್ನು ನೆನಪಿಸಿ. "ಅಕ್ಕ, ಅಮ್ಮ ಪಕ್ಕದಲ್ಲೇ ಕೂತಿದ್ದಾರೆ, ಅಪ್ಪನಿಗೆ ಕೇಳಿಸಬಾರದು" ಅಂದು ನೋಡಿ. ಸಾಲು ಪೂರ್ತಿ ಬದಲಾಗುತ್ತದೆ. ಒಂದು ಸಲಕ್ಕೆ ಒಂದೇ ತಿದ್ದುಪಡಿ. ಉಸಿರು, ಶ್ರುತಿ, ಉಚ್ಚಾರ, ಭಾವ ಎಲ್ಲ ಒಟ್ಟಿಗೆ ಹೇಳಿದರೆ ಯಾವುದೂ ಆಗುವುದಿಲ್ಲ. ಮನೆಯವರು, ಗೆಳೆಯರು ಜೊತೆಗೆ ಬಂದಿದ್ದರೆ ಅವರು ಹೊರಗೆ ಕೂತಿರಲಿ. ಸಲಹೆ ಒಬ್ಬರ ಬಾಯಿಂದಲೇ ಬರಲಿ.

ಒಂದೇ ಸಾಲನ್ನು ಹತ್ತಾರು ಸಲ ಹಾಡಿಸುತ್ತಾ ಹೋದರೆ ಪದಗಳಿಗೆ ಅರ್ಥವೇ ಇಲ್ಲದಂತಾಗುತ್ತದೆ. ಆ ಸೂಚನೆ ಕಂಡ ಕೂಡಲೇ ನಿಲ್ಲಿಸಿ. ಹೊರಗೆ ಬಂದು ನಾಲ್ಕು ಹೆಜ್ಜೆ ಓಡಾಡಲಿ. ಬೇರೆ ಸಾಲಿನಿಂದ ಶುರು ಮಾಡಿ.

6. ಅಳು ಬಂದರೆ

ಬರುತ್ತದೆ. ಅಪ್ಪ, ಅಮ್ಮ, ಊರು ಅಂತ ಹಾಡುವಾಗ ಯಾರಿಗಾದರೂ ಬರಬಹುದು. ಆದರೆ ಅಳುತ್ತಾ ಹಾಡಲು ಆಗುವುದಿಲ್ಲ. ಅಳು ಬಂದಾಗ ಗಂಟಲಿನ ಸ್ನಾಯುಗಳು ಬಿಗಿಯುತ್ತವೆ, ಧ್ವನಿಪೆಟ್ಟಿಗೆ ಮೇಲೆ ಏರುತ್ತದೆ. ಉಸಿರಿಗಾಗಿ ಗಂಟಲು ತೆರೆದುಕೊಳ್ಳಲು ನೋಡುತ್ತದೆ, ನಾವು ನುಂಗಲು ನೋಡುತ್ತೇವೆ, ಆ ಜಗ್ಗಾಟವೇ ಗಂಟಲುಬ್ಬಿ ಬರುವುದು. ಆ ಗಂಟಲಿನಲ್ಲಿ ಶ್ರುತಿ ನಿಲ್ಲುವುದಿಲ್ಲ. ಕೇಳುವವರ ಕಣ್ಣಲ್ಲಿ ನೀರು ಬರಬೇಕಾದರೆ ಹಾಡುವವರ ಗಂಟಲು ತೆರೆದಿರಬೇಕು.

ಹಾಗಾಗಿ ಅಳು ಬಂದರೆ ತಡೆಯಬೇಡಿ, ಹಾಡಲೂ ಬೇಡಿ. ಮೈಕಿನಿಂದ ಸರಿದು ಅತ್ತುಬಿಡಿ. ರೆಕಾರ್ಡ್ ಮಾಡುವವರು ಆ ಹೊತ್ತಿಗೆ ದೀಪ ಹಾಕಿ ಒಳಗೆ ನುಗ್ಗಬಾರದು. ಒಂದು ಲೋಟ ನೀರು ಬಾಗಿಲ ಬಳಿ ಇಟ್ಟು ಬನ್ನಿ, ಸಾಕು. ಉಸಿರು ಸರಿಹೋದ ಮೇಲೆ ತಗ್ಗಿನ ಸಾಲುಗಳನ್ನು ಹಾಡಿ. ನಾನು ಕೇಳಿದ ಅತಿ ನಿಜವಾದ ಪಲ್ಲವಿಗಳು ಇಂಥ ಹೊತ್ತಿನಲ್ಲೇ ಬಂದಿವೆ. ಎತ್ತರದ ಸಾಲು ಮಾತ್ರ ಆಗ ಬೇಡ, ಅತ್ತ ಗಂಟಲು ಊದಿಕೊಂಡಿರುತ್ತದೆ. ಅದನ್ನು ಊಟ ಆದ ಮೇಲೆ, ಇಲ್ಲವೇ ಮರುದಿನ ಹಾಡಿ.

ಭಾವ ಬರಲಿ ಅಂತ ಇನ್ನೊಬ್ಬರ ಸ್ವಂತ ನೋವನ್ನು ಕೆದಕುವುದನ್ನು ನಾನು ಒಪ್ಪುವುದಿಲ್ಲ. "ನಿಮ್ಮ ತಾಯಿ ಹೋದ ದಿನ ನೆನಪು ಮಾಡ್ಕೊಳಿ" ಅನ್ನುವವರಿದ್ದಾರೆ. ಅದು ಕ್ರೂರ. ಕೆಲಸಕ್ಕೂ ಬರುವುದಿಲ್ಲ, ಯಾಕೆಂದರೆ ಆಮೇಲೆ ಅವರು ಹಾಡಿನೊಳಗೆ ಇರುವುದಿಲ್ಲ, ಆ ದಿನದೊಳಗೆ ಇರುತ್ತಾರೆ. ಹಾಡಿನಲ್ಲಿರುವ ಅಂಗಳ, ಹೆಂಚು, ಹನಿ, ಅಡಿಕೆ ಸುಲಿಯುವ ಕೈ, ಇವನ್ನೇ ಕಣ್ಣ ಮುಂದೆ ತಂದುಕೊಂಡರೆ ಸಾಕಾಗುತ್ತದೆ.

7. ಆರಿಸುವುದು, ತಿದ್ದುವುದು

ಅದೇ ದಿನ ಟೇಕ್ ಆರಿಸಬೇಡಿ. ಮರುದಿನ, ಕಂಪ್ಯೂಟರ್ ಪರದೆ ನೋಡದೆ ಕೇಳಿ. ಇಡಿಯಾಗಿ ಮನಸ್ಸಿಗೆ ತಟ್ಟಿದ ಒಂದು ಟೇಕನ್ನು ಬುನಾದಿಯಾಗಿ ಇಟ್ಟುಕೊಳ್ಳಿ. ಅದರಲ್ಲಿ ನಿಜವಾಗಿ ಕೆಟ್ಟಿರುವ ಪದಗಳನ್ನಷ್ಟೇ ಬೇರೆ ಟೇಕಿನಿಂದ ತನ್ನಿ. ಒಂದೊಂದು ಪದಕ್ಕೂ ಅತ್ಯುತ್ತಮವಾದದ್ದನ್ನು ಹುಡುಕಿ ಜೋಡಿಸಿದರೆ, ಹತ್ತು ಜನ ಸೇರಿ ಹೇಳಿದ ಮಾತಿನ ಹಾಗೆ ಆಗುತ್ತದೆ.

ಉಸಿರುಗಳನ್ನು ಅಳಿಸಬೇಡಿ. ಜೋರಾಗಿದ್ದರೆ ತಗ್ಗಿಸಿ, ಅಷ್ಟೇ. ಶ್ರುತಿ ತಿದ್ದುವ ಸಾಫ್ಟ್‌ವೇರ್ 1997ರಲ್ಲಿ ಆಟೊಟ್ಯೂನ್ ಬಂದ ಮೇಲೆ ಎಲ್ಲರ ಕೈಗೂ ಸಿಕ್ಕಿದೆ. ಅದರಿಂದ ಉಪಕಾರವೂ ಆಗಿದೆ. ಆದರೆ ಅದನ್ನು ಬಿಗಿಯಾಗಿ ಹಾಕಿದರೆ ನಮ್ಮ ಗಮಕ, ಜಾರು ಎಲ್ಲವೂ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತವೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಆ ದಾರಿಯಲ್ಲೇ ಅಲ್ವಾ ನಮ್ಮ ಸಂಗೀತದ ನೋವು ಇರುವುದು? ಇಡೀ ಹಾಡಿಗೆ ಹಾಕಬೇಡಿ. ಎಳೆದು ನಿಲ್ಲಿಸಿದ ಸ್ವರ ಎದ್ದು ಕಾಣುವಷ್ಟು ತಪ್ಪಿದ್ದರೆ ಅದೊಂದನ್ನು ಕೈಯಲ್ಲಿ ಸರಿಮಾಡಿ. ಸಾಲಿನ ಕೊನೆಯ ಅಕ್ಷರ ಸ್ವಲ್ಪ ಇಳಿದಿದ್ದರೆ, ಅದು ಭಾರದಿಂದ ಇಳಿದದ್ದೋ ತಪ್ಪಿ ಇಳಿದದ್ದೋ ಅಂತ ಹಾಡಿದವರನ್ನೇ ಕೇಳಿ.

ದನಿ, ವಾದ್ಯಗಳನ್ನು ಹದವಾಗಿ ಸೇರಿಸುವ ಮಿಕ್ಸಿಂಗ್ ಮುಗಿದ ಮೇಲೆ ದೊಡ್ಡ ಸ್ಪೀಕರಿನಲ್ಲಿ ಮಾತ್ರ ಕೇಳಿ ಒಪ್ಪಬೇಡಿ. ಮೊಬೈಲ್ ಸ್ಪೀಕರಿನಲ್ಲಿ ಕೇಳಿ, ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳಿ. ಆ "ಇನ್ನೂ" ಅಲ್ಲಿಯೂ ಕೇಳಬೇಕು. ಕೇಳದಿದ್ದರೆ ವಾದ್ಯವನ್ನು ಆ ಜಾಗದಲ್ಲಿ ಒಂದೆರಡು ಡಿಬಿ ಇಳಿಸಲು ಹೇಳಿ, ಹಾಡುವವರನ್ನು ಮತ್ತೆ ಕರೆಸುವ ಮುಂಚೆ.

ಮತ್ತು ದುಡ್ಡು ಕೊಟ್ಟು ಹೊರಡುವಾಗ ಬರೀ ಎಂಪಿ3 ತೆಗೆದುಕೊಂಡು ಹೋಗಬೇಡಿ. ತಿದ್ದದ, ಎಫೆಕ್ಟ್ ಹಾಕದ ದನಿಯ ವೇವ್ ಫೈಲುಗಳನ್ನು, ಎಲ್ಲ ಟೇಕುಗಳನ್ನು, ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ. ಗೆರೆ, ಚುಕ್ಕೆ ಹಾಕಿದ ನಿಮ್ಮ ಹಾಳೆಯನ್ನೂ ಅಲ್ಲೇ ಮರೆಯಬೇಡಿ. ವರ್ಷ ಕಳೆದು ಅದೇ ಹಾಡನ್ನು ಬೇರೆ ವಾದ್ಯಗಳ ಜೊತೆ ಮಾಡಬೇಕೆನಿಸಿದರೆ ಅವೆರಡೂ ಬೇಕಾಗುತ್ತವೆ.